ಹುಚ್ಚು, ಮದುವೆ ಮತ್ತು ಪಟ್ಟಿಯಲ್ಲಿ ಇಲ್ಲದವರು

"ಹುಚ್ಚು ಬಿಡದೆ ಮದುವೆ ಆಗೊಲ್ಲ, ಮದುವೆ ಆಗದೆ ಹುಚ್ಚು ಬಿಡೊಲ್ಲ." ಈ ಗಾದೆ ಕೇಳದ ಕನ್ನಡಿಗರು ಇರಲಿಕ್ಕಿಲ್ಲ. ಸರ್ಕಾರಿ ಕಚೇರಿಯ ಕೆಲಸ ಸಿಕ್ಕಿಹಾಕಿಕೊಂಡಾಗ, ಸಾಲ ಸಿಗದಿದ್ದಾಗ, ರಾಜಕಾರಣಿಗಳು ಒಬ್ಬರ ಮೇಲೊಬ್ಬರು ಹೇಳುವಾಗ ನಾವೆಲ್ಲ ಬಳಸಿ ನಕ್ಕಿದ್ದೇವೆ. ನಾನೂ ಎಷ್ಟು ಸಲ ಬರೆದಿದ್ದೇನೋ! ಈಗ ಬರೆಯೋದಿಲ್ಲ. ಯಾಕಂದ್ರೆ ನಮ್ಮ ಕಡೆ ಈ ಗಾದೆಯ ಎರಡನೇ ಅರ್ಧವನ್ನು ಜನ ಗಾದೆ ಅಂತ ತಿಳಿದಿಲ್ಲ, ಔಷಧಿ ಅಂತ ತಿಳಿದಿದ್ದಾರೆ.

ಕುಂದಗೋಳ ತಾಲೂಕಿನ ಒಂದು ಹಳ್ಳಿ, 2004ರ ಸುಮಾರು. ಊರ ಗುಡಿಯ ಮುಂದೆ ಏಡ್ಸ್ ಬಗ್ಗೆ ಬೀದಿನಾಟಕ. ಆಗ ಇಂಥ ನಾಟಕಗಳು ಬಹಳ ಆಗ್ತಿದ್ದವು, ನಿಮಗೂ ನೆನಪಿರಬೇಕು: ಹಲಗೆ, ಒಬ್ಬ ಲಾರಿ ಡ್ರೈವರ್ ಪಾತ್ರ, ಕೊನೆಗೆ ಕೆಂಪು ರಿಬ್ಬನ್ನಿನ ಚಿತ್ರ. ರಜೆಗೆ ಬಂದಿದ್ದ ನಾನೂ ಕಟ್ಟೆ ಮೇಲೆ ಕೂತಿದ್ದೆ. ನಮ್ಮ ಓಣಿಯ ಅಕ್ಕ ಒಬ್ಬಳು ಬಂದು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಳು. ಆಕೆಗೆ ಹದಿನೆಂಟನೇ ವಯಸ್ಸಿನಿಂದ ಕಾಯಿಲೆ. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳೋದು, ರಾತ್ರಿ ಎದ್ದು ಹೊರಟುಬಿಡೋದು. ಧಾರವಾಡದಿಂದ ತಂದ ಗುಳಿಗೆ ನುಂಗುತ್ತಿದ್ದಳು, ನುಂಗಿದಷ್ಟು ದಿನ ಚೆನ್ನಾಗಿಯೇ ಇರ್ತಿದ್ದಳು. ಆಕೆ ಕೂತದ್ದು ನೋಡಿ ಊರ ಹಿರಿಯರೊಬ್ಬರು ಅಂದರು: "ಏ ತಂಗಿ, ನೀ ಮನೀಗ್ ನಡಿ. ಇದೆಲ್ಲಾ ನಿನಗ್ಯಾಕ? ನಿನಗೇನ್ ತಿಳೀತೈತಿ?" ನಾಟಕದವರು ಒಂದು ಕ್ಷಣ ಸುಮ್ಮನಿದ್ದರು. ಆಕೆ ಸೆರಗು ಜಾಡಿಸಿಕೊಂಡು ಎದ್ದು ಹೋದಳು. ನಾಟಕ ಮುಂದುವರೀತು, ನಾನು ಚಪ್ಪಾಳೆ ಹೊಡೆದೆ.

ಮುಂದೆ ಆಕೆಗೆ ಏನಾಯಿತು ಅನ್ನೋದಕ್ಕೆ ಆಮೇಲೆ ಬರ್ತೀನಿ. "ನಿನಗ್ಯಾಕ" ಅನ್ನೋ ಆ ಮಾತು ಆ ಹಿರಿಯರು ಹುಟ್ಟಿಸಿದ್ದಲ್ಲ, ಅದಕ್ಕೆ ಬಹಳ ಹಳೆಯ ಚರಿತ್ರೆಯಿದೆ. ಅದನ್ನು ಹುಡುಕಿಕೊಂಡು ಹೋದದ್ದರ ಫಲ ಈ ಬರಹ.

ನಮ್ಮ ಕಡೆ ಜಗಳದಲ್ಲಿ "ನಿನ್ನ ಧಾರವಾಡಕ್ಕ ಕಳಸಬೇಕ ನೋಡ" ಅಂದರೆ ಯೂನಿವರ್ಸಿಟಿಗೆ ಅಂತಲ್ಲ, ಪೇಡೆ ತರೋಕಂತೂ ಅಲ್ಲವೇ ಅಲ್ಲ. ಧಾರವಾಡದ ಹುಚ್ಚಾಸ್ಪತ್ರೆ ಶುರುವಾದದ್ದು 1845ರಲ್ಲಿ. ಅಂದರೆ 1857ರ ದಂಗೆಗಿಂತ ಹಳೆಯದು, ಕರ್ನಾಟಕ ಕಾಲೇಜಿಗಿಂತಲೂ ಬಹಳ ಹಳೆಯದು. ಮುಂಬಯಿ ಪ್ರಾಂತದ ದಕ್ಷಿಣ ತುದಿಗೆ ಬ್ರಿಟಿಷರು ಇಟ್ಟ ಅಸೈಲಮ್ ಅದು. ಆಮೇಲೆ 1858ರಲ್ಲಿ ಹುಚ್ಚಾಸ್ಪತ್ರೆಗಳ ಕಾಯಿದೆ ಬಂತು, 1912ರಲ್ಲಿ ಭಾರತೀಯ ಲೂನಸಿ ಕಾಯಿದೆ ಬಂತು. ಬೋರ್ಡು ಎಷ್ಟೋ ಸಲ ಬದಲಾಯಿತು. ಅಸೈಲಮ್ ಹೋಗಿ ಮೆಂಟಲ್ ಹಾಸ್ಪಿಟಲ್ ಆಯಿತು, ಈಗ ಬೆಳಗಾವಿ ರಸ್ತೆಯಲ್ಲಿ ಹೋಗುವಾಗ ಕಾಣೋದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಚಿಕ್ಕದಾಗಿ ಡಿಮ್ಹಾನ್ಸ್. ಬೈಗುಳ ಮಾತ್ರ ಹಾಗೇ ಉಳಿದಿದೆ.

ಆ ಹಳೆಯ ಕಾಯಿದೆಗಳ ಮನಸ್ಸು ಏನಿತ್ತು ಅಂದ್ರೆ, ಹುಚ್ಚರನ್ನು ಊರಿನಿಂದ ಬೇರೆ ಇಡಬೇಕು, ಒಳಗೆ ಗಂಡಸರನ್ನು ಹೆಂಗಸರನ್ನು ಬೇರೆ ಇಡಬೇಕು. ಗೋಡೆಯೊಳಗೆ ಇದ್ದವರಿಗೆ ಸಂಸಾರ ಇಲ್ಲ, ಆಸೆ ಇಲ್ಲ, ದೇಹ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಯೂ ಇಲ್ಲ. ಗೋಡೆ ಇದ್ದಾಗ ಇದು ಹೇಗೋ ನಡೀತು. ಗೋಡೆ ಬಿದ್ದ ಮೇಲೂ ನಮ್ಮ ತಲೆಯಲ್ಲಿ ಅದೇ ಉಳಿಯಿತು.

ತಮಾಷೆ ಏನಂದ್ರೆ, ಲೈಂಗಿಕ ಸಂಪರ್ಕದಿಂದ ಬರುವ ಕಾಯಿಲೆಗೂ ಹುಚ್ಚಾಸ್ಪತ್ರೆಗೂ ಇದ್ದ ಸಂಬಂಧ ಆ ಕಾಲದ ವೈದ್ಯರಿಗೆ ಚೆನ್ನಾಗಿಯೇ ಗೊತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಹುಚ್ಚಾಸ್ಪತ್ರೆಗಳ ಎಷ್ಟೋ ಹಾಸಿಗೆಗಳನ್ನು ತುಂಬಿದ್ದು ಸಿಫಿಲಿಸ್. ಮೈಗೆ ಹೊಕ್ಕ ಸಿಫಿಲಿಸ್ ಹತ್ತಿಪ್ಪತ್ತು ವರ್ಷಗಳಾದ ಮೇಲೆ ಮಿದುಳಿಗೆ ಏರಿ ಬುದ್ಧಿ ಕೆಡಿಸೋದು, ಕೈಕಾಲು ಬೀಳಿಸೋದು. 1913ರಲ್ಲಿ ನೊಗುಚಿ ಮತ್ತು ಮೂರ್ ಅನ್ನೋರು ಇಂಥ ರೋಗಿಗಳ ಮಿದುಳಿನಲ್ಲೇ ಆ ರೋಗಾಣುವನ್ನು ತೋರಿಸಿಕೊಟ್ಟರು. 1917ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ಇವರಿಗೆ ಬೇಕಂತಲೇ ಮಲೇರಿಯಾ ಜ್ವರ ಬರಿಸಿ ಗುಣಪಡಿಸಲು ಹೊರಟ. ಅದಕ್ಕೆ 1927ರಲ್ಲಿ ನೊಬೆಲ್ ಕೂಡ ಬಂತು! ಆಮೇಲೆ ಪೆನಿಸಿಲಿನ್ ಬಂತು, ಆ ವಾರ್ಡುಗಳು ಖಾಲಿಯಾದವು, ಪಾಠವೂ ಮರೆತುಹೋಯಿತು. ಅಲ್ಲಿ ಕೂಡ ಪ್ರಶ್ನೆ ಒಂದೇ ದಿಕ್ಕಿನದು: ಗುಹ್ಯರೋಗದಿಂದ ಹುಚ್ಚು ಹೇಗೆ ಬರುತ್ತೆ? ಮೊದಲೇ ಮನಸ್ಸಿನ ಕಾಯಿಲೆ ಇದ್ದವರನ್ನು ಆ ರೋಗದಿಂದ ಕಾಪಾಡೋದು ಹೇಗೆ ಅಂತ ಹೆಚ್ಚು ಜನ ಕೇಳಲಿಲ್ಲ.

ಎಚ್‌ಐವಿ ಬಂದಾಗಲೂ ಅದೇ ಆಯಿತು.

1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಮೊದಲ ಸೋಂಕುಗಳನ್ನು ಪತ್ತೆ ಮಾಡಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ), 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ. ಉತ್ತರ ಕರ್ನಾಟಕದ ಹೆಸರು ಕೆಟ್ಟದ್ದು ಅದರ ನಂತರ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 2.9 ಜನರಲ್ಲಿ ಸೋಂಕು ಸಿಕ್ಕಿತು, ಅದೂ ಪೇಟೆಗಿಂತ ಹಳ್ಳಿಗಳಲ್ಲೇ ಹೆಚ್ಚು. ದುಡಿಯಲು ಗೋವಾಕ್ಕೆ, ಮುಂಬಯಿಗೆ, ಪುಣೆಗೆ ಹೋಗಿಬರುವ ಜನ, 1982ರ ಕಾಯಿದೆ ನಿಷೇಧಿಸಿದ ಮೇಲೂ ಪೂರ್ತಿ ನಿಲ್ಲದ ದೇವದಾಸಿ ಪದ್ಧತಿ, ಹೆದ್ದಾರಿ, ಬರಗಾಲ... ಕಾರಣಗಳ ಬಗ್ಗೆ ಆಗ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು.

ಕೆಲಸವೂ ಆಯಿತು, ಇಲ್ಲ ಅನ್ನೋ ಹಾಗಿಲ್ಲ. 2003ರಿಂದ ಗೇಟ್ಸ್ ಫೌಂಡೇಶನ್ನಿನ ಆವಾಹನ್ ಯೋಜನೆ ಶುರುವಾಯಿತು, ಅದರ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲೈಂಗಿಕ ವೃತ್ತಿಯ ಮಹಿಳೆಯರೇ ಸಂಘ ಕಟ್ಟಿಕೊಂಡು ಒಬ್ಬರಿಗೊಬ್ಬರು ತಿಳಿಸಿ ಹೇಳಿದರು, ಕಾಂಡೋಮ್ ಹಂಚಿದರು. ರಾಜ್ಯದಲ್ಲಿ ಸೋಂಕು ಇಳಿದದ್ದರಲ್ಲಿ ಅವರ ಪಾಲು ದೊಡ್ಡದು, ಅದಕ್ಕೆ ಅವರಿಗೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ. ಇರಲಿ, ಅದು ಬೇರೆ ಬರಹದ ವಿಷಯ.

ಈ ಕೆಲಸವೆಲ್ಲ ನಡೆದದ್ದು ಒಂದು ಪಟ್ಟಿಯ ಮೇಲೆ. ಲೈಂಗಿಕ ವೃತ್ತಿಯವರು, ಪುರುಷರೊಡನೆ ಸಂಪರ್ಕ ಇಟ್ಟುಕೊಳ್ಳುವ ಪುರುಷರು, ಸೂಜಿಯಿಂದ ಮಾದಕ ದ್ರವ್ಯ ಚುಚ್ಚಿಕೊಳ್ಳುವವರು. ಅವರ ನಂತರ ಲಾರಿ ಚಾಲಕರು, ಗುಳೆ ಹೋಗುವ ಕೂಲಿಗಳು. ಪಟ್ಟಿ ತಪ್ಪು ಅಂತ ನಾನು ಹೇಳ್ತಿಲ್ಲ, ದುಡ್ಡು ಕಡಿಮೆ ಇದ್ದಾಗ ಎಲ್ಲಿ ಹೆಚ್ಚು ಹರಡುತ್ತೋ ಅಲ್ಲಿ ಮೊದಲು ಹೋಗಬೇಕು. ಆದರೆ ವರ್ಷಗಟ್ಟಲೆ ಮನಸ್ಸಿನ ಕಾಯಿಲೆ ಇರುವ ಗಂಡಸು ಹೆಂಗಸರು ಈ ಪಟ್ಟಿಯಲ್ಲಿ ಎಲ್ಲೂ ಒಂದು ಗುಂಪಾಗಿ ಇರಲಿಲ್ಲ.

ಅದೇ ಹೊತ್ತಿಗೆ ಮನೋವೈದ್ಯರು ಏನು ಮಾಡ್ತಿದ್ದರು? ಅವರು ಗೋಡೆ ಒಡೀತಿದ್ದರು. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲೇ ಸಕಲವಾರದಲ್ಲಿ ಹಳ್ಳಿಗರಿಗೆ ಚಿಕಿತ್ಸೆ ಶುರುಮಾಡಿತ್ತು. 1985ರಿಂದ 1990ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲೇ ಗುಳಿಗೆ ಕೊಡಿಸೋದು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಹುಟ್ಟಿದ್ದು ಆ ಬಳ್ಳಾರಿ ಮಾದರಿಯಿಂದ. ನಮ್ಮವರಿಗೇ ಗೊತ್ತಿಲ್ಲದ ಹೆಮ್ಮೆಯ ಸಂಗತಿ ಇದು. 2014ರಿಂದ ರಾಜ್ಯದಲ್ಲಿ ಮನೋಚೈತನ್ಯ ಅಂತ ಬಂತು, ತಾಲೂಕು ಆಸ್ಪತ್ರೆಗೆ ನಿಗದಿಯಾದ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ. ಮೊದಲು ಕುಂದಗೋಳದಿಂದಲೋ ಅಣ್ಣಿಗೇರಿಯಿಂದಲೋ ಹುಬ್ಬಳ್ಳಿಗೆ ಹೋಗಿ, ಬಸ್ಸು ಬದಲಿಸಿ, ಧಾರವಾಡದಲ್ಲಿ ಸಾಲು ಹಚ್ಚಬೇಕಿತ್ತು. ಜೊತೆಗೆ ಬಂದವರ ಒಂದು ದಿನದ ಕೂಲಿ ಹೋಗ್ತಿತ್ತು.

ಹೀಗೆ ಕಾಯಿಲೆಯವರು ಮನೆಯಲ್ಲೇ ಉಳಿದರು. ಒಳ್ಳೇದೇ ಆಯಿತು. ಹೊಲಕ್ಕೆ ಹೋದರು, ಮೆಣಸಿನಕಾಯಿ ಬಿಡಿಸಿದರು, ಸಂತೆ ಮಾಡಿದರು. ಅವರಿಗೂ ಮದುವೆ ಆಯಿತು, ಮಕ್ಕಳಾದವು. ಗುಳಿಗೆ ಕೊಡುವವರು ನಿದ್ದೆ ಬರ್ತದಾ, ಊಟ ಮಾಡ್ತಾರಾ, ಹೊಡಿಯೋದು ಬಡಿಯೋದು ಮಾಡ್ತಾರಾ ಅಂತ ಕೇಳಿದರು. ಗಂಡ ಹೆಂಡತಿ ಹೇಗಿದ್ದೀರಿ ಅಂತ ಕೇಳಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ ಅನ್ನಿ, ಹೊರಗೆ ನೂರು ಜನ ನಿಂತಿರ್ತಾರೆ.

ಕೇಳಬೇಕು ಅಂತ ಮೊದಲು ಎಚ್ಚರಾದದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ಎರಡು ಮಾನಸಿಕ ಆಸ್ಪತ್ರೆಗಳಿಗೆ ದಾಖಲಾದವರ ರಕ್ತ ನೋಡಿದಾಗ ನೂರಕ್ಕೆ 5.5 ಜನರಲ್ಲಿ ಎಚ್‌ಐವಿ ಇತ್ತು ಅಂತ 1991ರಲ್ಲಿ ಫ್ರಾನ್ಸಿನ್ ಕೂರ್ನೋಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಆ ನಗರದ ಕಥೆ ಬೇರೆ, ಅಲ್ಲಿ ಸೂಜಿಯ ಚಟ, ಮನೆ ಇಲ್ಲದೆ ಬೀದಿಯಲ್ಲಿ ಮಲಗುವ ಬದುಕು. ನಮ್ಮಲ್ಲಿ ಹೇಗೆ?

ಅದಕ್ಕೆ ಉತ್ತರ ಹುಡುಕಿದ್ದು ನಿಮ್ಹಾನ್ಸಿನ ಮನೋವೈದ್ಯೆ ಪ್ರಭಾ ಚಂದ್ರ. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮೈಕೆಲ್ ಕೇರಿ, ಕೇಟ್ ಕೇರಿ ಅವರ ಜೊತೆ ಸೇರಿ, ಆಸ್ಪತ್ರೆಗೆ ದಾಖಲಾಗುವವರನ್ನು ಕೂರಿಸಿಕೊಂಡು ಕೇಳಿದರು. ಇಂಥ ಪ್ರಶ್ನೆಗೆ ನಮ್ಮ ಜನ ಉತ್ತರ ಕೊಡೋದಿಲ್ಲ ಅಂತ ನೀವೂ ಅಂದ್ಕೊಂಡಿರ್ತೀರಿ. ಕೊಟ್ಟರು. 2003ರಲ್ಲಿ ಅದು ಪ್ರಕಟವಾಯಿತು. ಹೆಚ್ಚಿನವರಲ್ಲಿ ಅಪಾಯದ ನಡವಳಿಕೆ ಇರಲೇ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೀಬೇಕು, ಯಾಕಂದ್ರೆ ಈ ವಿಷಯ ಎತ್ತಿದ ಕೂಡಲೇ "ಹುಚ್ಚರು ರೋಗ ಹರಡ್ತಾರೆ" ಅಂತ ಓದಿಕೊಳ್ಳುವ ಬುದ್ಧಿವಂತರು ಇದ್ದೇ ಇರ್ತಾರೆ. ಅವರು ಹರಡುವವರಲ್ಲ.

ಅದೇ ವರ್ಷ ಬಂದ ಅವರ ಇನ್ನೊಂದು ಅಧ್ಯಯನ ನನ್ನನ್ನು ಹಿಡಿದು ನಿಲ್ಲಿಸಿತು. ತೀವ್ರ ಮನೋರೋಗ ಇದ್ದ 146 ಮಹಿಳೆಯರಲ್ಲಿ 50 ಮಂದಿ, ಮೂರರಲ್ಲೊಬ್ಬರು, ತಮ್ಮ ಮೇಲೆ ಲೈಂಗಿಕ ಬಲವಂತ ಆಗಿದೆ ಅಂದರು. ಯಾರಿಂದ? ಎಲ್ಲರಿಗಿಂತ ಹೆಚ್ಚು ಸಲ ಬಂದ ಉತ್ತರ ಗಂಡ. ಆಮೇಲೆ ಪರಿಚಯದವರು, ನೆಂಟರು. ಕತ್ತಲಲ್ಲಿ ಬಂದ ಅಪರಿಚಿತನಲ್ಲ. ಈ 50 ಜನರಲ್ಲಿ 30 ಜನ ಅದುವರೆಗೆ ಯಾರಿಗೂ ಹೇಳಿಕೊಂಡಿರಲಿಲ್ಲ, ಯಾರ ಸಹಾಯವನ್ನೂ ಕೇಳಿರಲಿಲ್ಲ.

ಹೇಳಿದರೆ ನಂಬುವವರು ಯಾರು ಸ್ವಾಮಿ? "ಆಕಿ ಮಾತ್ಯಾಕ ಕೇಳ್ತೀರಿ, ಆಕಿ ತಲಿ ಸರಿ ಇಲ್ಲ." ಒಬ್ಬ ಹೆಣ್ಣುಮಗಳ ಬಾಯಿ ಮುಚ್ಚಿಸೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಇಲ್ಲಿಗೆ ಬಂದಾಗ ಆ ಬೀದಿನಾಟಕದ ಪಾಠ ಎಷ್ಟು ಸಣ್ಣದು ಅನ್ನಿಸ್ತದೆ. ಒಬ್ಬನೇ ಸಂಗಾತಿ ಇರಲಿ, ಇಲ್ಲದಿದ್ದರೆ ಕಾಂಡೋಮ್ ಬಳಸಿ. ಅಪಾಯ ಆ ಒಬ್ಬನೇ ಸಂಗಾತಿಯಿಂದಲೇ ಬಂದರೆ? ಆತ ಬೇಡ ಅನ್ನುವ ಹಕ್ಕೇ ಇಲ್ಲದವಳಿಗೆ ಕಾಂಡೋಮ್ ತಂದುಕೊಟ್ಟು ಏನು ಮಾಡೋದು?

ಕೇರಿ ಅವರ ತಂಡ ಅಮೆರಿಕದಲ್ಲಿ ಇದಕ್ಕೊಂದು ಹಾದಿ ಪ್ರಯತ್ನಿಸಿತ್ತು. ಮನೋರೋಗಕ್ಕೆ ಹೊರರೋಗಿಗಳಾಗಿ ಚಿಕಿತ್ಸೆ ಪಡೀತಿದ್ದ 408 ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ಸಲ ಕೂರಿಸಿ ಹೇಳಿಕೊಟ್ಟರು. ಬರೀ ಭಾಷಣ ಅಲ್ಲ. ಒತ್ತಾಯ ಬಂದಾಗ ಬೇಡ ಅನ್ನೋದು ಹೇಗೆ, ಕಾಂಡೋಮ್ ಬೇಕು ಅಂತ ಯಾವ ಮಾತಿನಲ್ಲಿ ಕೇಳೋದು, ಅಪಾಯ ಬರುವ ಹೊತ್ತನ್ನು ಮೊದಲೇ ಗುರುತಿಸೋದು ಹೇಗೆ ಅಂತ ಎದುರುಬದುರು ಕೂತು ಅಭಿನಯಿಸಿ ರೂಢಿ ಮಾಡಿಸಿದರು. 2004ರಲ್ಲಿ ಫಲಿತಾಂಶ ಬಂತು: ಅಪಾಯದ ನಡವಳಿಕೆ ಕಡಿಮೆಯಾಗಿತ್ತು, ಹೆಂಗಸರಲ್ಲಿ ಮತ್ತು ಖಿನ್ನತೆ ಇದ್ದವರಲ್ಲಿ ಹೆಚ್ಚು ಅನುಕೂಲ ಆಗಿತ್ತು. ಅಂದರೆ "ಅವರಿಗೇನ್ ತಿಳೀತೈತಿ" ಅನ್ನೋದು ಸುಳ್ಳು. ನಿಧಾನವಾಗಿ, ಮತ್ತೆ ಮತ್ತೆ, ಮರ್ಯಾದೆಯಿಂದ ಹೇಳಿದರೆ ತಿಳೀತೈತಿ.

ಅದನ್ನೇ ತಂದು ನವಲಗುಂದದಲ್ಲಿ ಮಾಡಿ ಅಂದರೆ ಆಗಲಿಕ್ಕಿಲ್ಲ. ಇಲ್ಲಿ ಮೊದಲು ಮದುವೆಯ ವಿಷಯಕ್ಕೆ ಕೈ ಹಾಕಬೇಕು. ನಮ್ಮ ಓಣಿಯ ಅಕ್ಕನ ಕಥೆಗೆ ವಾಪಸ್ ಬರ್ತೀನಿ. ನಾಟಕ ಆದ ಮರುವರ್ಷ ಆಕೆಯ ಮದುವೆ ಆಯಿತು. "ಲಗ್ನ ಆದ್ರ ಎಲ್ಲಾ ಸರಿ ಹೋಗ್ತೈತಿ" ಅಂತ ಹೇಳಿದವರು ಒಬ್ಬರಲ್ಲ, ಇಡೀ ಬಳಗ. ಗಂಡಿನ ಮನೆಗೆ ಕಾಯಿಲೆಯ ಸುದ್ದಿ ಹೇಳಲಿಲ್ಲ. ಹೇಳದೇ ಇದ್ದದ್ದರಿಂದ ಗುಳಿಗೆ ಕಳಿಸಲಿಲ್ಲ. ಗುಳಿಗೆ ಇಲ್ಲದ್ದರಿಂದ ಮೂರು ತಿಂಗಳಲ್ಲಿ ಕಾಯಿಲೆ ಮರಳಿತು. ಅತ್ತೆ ಮನೆಯವರು ಮೋಸ ಆಯಿತು ಅಂದರು, ಅವರ ಮಾತೂ ಸುಳ್ಳಲ್ಲ. ಹೊಡೆತ, ಬೈಗುಳ, ತವರು, ಮತ್ತೆ ಗಂಡನ ಮನೆ. ಗಂಡನ ಕಡೆಯವರೂ ತಮ್ಮ ಮಗನ ಬಗ್ಗೆ ಒಂದು ಸಂಗತಿ ಮುಚ್ಚಿಟ್ಟಿದ್ದರು ಅಂತ ತಿಳಿದದ್ದು ಆತ ಸತ್ತ ಮೇಲೆ. ಟಿಬಿ ಅಂದಿದ್ದರು. ಹುಬ್ಬಳ್ಳಿಯಲ್ಲಿ ಆಕೆಯ ರಕ್ತ ನೋಡಿಸಿದಾಗ ಆಕೆಗೂ ಇತ್ತು.

ಹಿಂದೂ ವಿವಾಹ ಕಾಯಿದೆ 1955ರಲ್ಲೇ ಬಂದದ್ದು. ಒಪ್ಪಿಗೆ ಕೊಡಲಾಗದಷ್ಟು ಅಥವಾ ಸಂಸಾರ ಮಾಡಲಾಗದಷ್ಟು ಮನಸ್ಸಿನ ಕಾಯಿಲೆ ಇದ್ದರೆ ಮದುವೆ ಸಲ್ಲದು ಅಂತ ಅದರಲ್ಲಿದೆ. ವಿಚ್ಛೇದನದ ಕಲಮಿನಲ್ಲಿ ಬುದ್ಧಿವಿಕಲತೆ, ಕುಷ್ಠ, ಗುಹ್ಯರೋಗ ಈ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದರು. ಕುಷ್ಠವನ್ನು 2019ರಲ್ಲಿ ತೆಗೆದರು, ಉಳಿದೆರಡು ಇವೆ. ಈ ಕಲಮುಗಳಿಗೆ ಹೆದರಿ ಜನ ನಿಜ ಹೇಳುವುದನ್ನೇ ಬಿಟ್ಟರು ಅನ್ನೋದು ನನ್ನ ಅನುಮಾನ. ಗುಳಿಗೆ ತಗೊಂಡು ಚೆನ್ನಾಗಿರುವವರು ಮದುವೆ ಆಗಬಾರದು ಅಂತ ನಾನು ಖಂಡಿತ ಹೇಳ್ತಿಲ್ಲ. ಎರಡೂ ಕಡೆಯವರು ಕಾಯಿಲೆಯ ಮಾತು ಆಡಿ, ಗುಳಿಗೆ ಡಬ್ಬಿಯನ್ನು ಮದುಮಗಳ ಜೊತೆಗೇ ಕಳಿಸಿ, ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡು ಆಗುವ ಮದುವೆ ಬೇರೆ, ಹುಚ್ಚು ಬಿಡಿಸೋಕೆ ಮಾಡುವ ಮದುವೆ ಬೇರೆ. ಮನಸ್ಸಿನ ಕಾಯಿಲೆ ಅಂದರೇನು ಅಂತ ಕನ್ನಡದಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಅವರಷ್ಟು ಬರೆದವರು ಇನ್ನೊಬ್ಬರಿಲ್ಲ. ಅವರ ಪುಸ್ತಕಗಳು ನಮ್ಮೂರ ಲೈಬ್ರರಿಯಲ್ಲೂ ಇದ್ದವು. ಓದಿದವರು ಮದುವೆ ಮಾತುಕತೆಗೆ ಕೂತವರಲ್ಲ, ಅಷ್ಟೇ.

ಔಷಧಿಯ ಕಡೆಯಿಂದ ಕಾಲ ಬದಲಾಗಿದೆ, ಅದನ್ನೂ ಹೇಳಬೇಕು. 2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ ಗುಳಿಗೆಯನ್ನು ಪುಕ್ಕಟೆ ಕೊಡತೊಡಗಿತು, ಆಮೇಲೆ ಹುಬ್ಬಳ್ಳಿಯ ಕಿಮ್ಸ್‌ನಲ್ಲೂ ಕೇಂದ್ರ ಆಯಿತು. (ಕಿಮ್ಸ್ ಹೆಸರು ಈಗ ಕೆಎಂಸಿಆರ್‌ಐ ಅಂತ ಆಗಿದೆ, ಕಂಡಕ್ಟರ್ ಮಾತ್ರ ಕಿಮ್ಸ್ ಅಂತಲೇ ಕೂಗ್ತಾನೆ.) 2017ರಿಂದ ಸೋಂಕು ಗೊತ್ತಾದ ಕೂಡಲೇ ಗುಳಿಗೆ ಶುರು ಮಾಡ್ತಾರೆ. ದಿನಾ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಉಳಿದರೆ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟೋದಿಲ್ಲ. ಹಾಗಾಗಿ ಗುಳಿಗೆಯೇ ಒಂದು ತಡೆ. ಆದರೆ ಮನಸ್ಸಿನ ಕಾಯಿಲೆ ಕೆದರಿದಾಗ ಮೊದಲು ತಪ್ಪೋದು ಗುಳಿಗೆಯೇ ಅಲ್ಲವಾ? ಇನ್ನೊಂದು ತೊಡಕೂ ಇತ್ತು. ಮೊದಲು ಕೊಡ್ತಿದ್ದ ಗುಳಿಗೆಗಳಲ್ಲಿ ಇಫಾವಿರೆಂಜ್ ಅನ್ನೋದು ಕೆಲವರಿಗೆ ಕೆಟ್ಟ ಕನಸು, ಗಾಬರಿ, ಭ್ರಮೆ ತರುತ್ತಿತ್ತು. ಮೊದಲೇ ಮನೋರೋಗ ಇದ್ದವರಿಗೆ ಅದನ್ನು ಕೊಡುವಾಗ ಎಚ್ಚರ ಬೇಕಿತ್ತು. 2020ರ ಆಸುಪಾಸಿನಿಂದ ಅದರ ಜಾಗಕ್ಕೆ ಡೊಲುಟೆಗ್ರಾವಿರ್ ಬಂದಿದೆ, ಹೆಚ್ಚಿನವರಿಗೆ ಇದು ಹಗುರ. ಮನೋವೈದ್ಯರು ಕೊಡುವ ಕಾರ್ಬಮಜೆಪೀನ್ ಜೊತೆ ಮಾತ್ರ ಇದರ ಬಲ ಕುಂದುತ್ತದೆ, ಪ್ರಮಾಣ ಬದಲಿಸಬೇಕಾಗುತ್ತದೆ. ಅಂದರೆ ಒಂದು ಆಸ್ಪತ್ರೆಯ ಚೀಟಿಯನ್ನು ಇನ್ನೊಂದರ ಡಾಕ್ಟರು ನೋಡಲೇಬೇಕು. ಒಂದು ವಿದ್ಯಾನಗರದಲ್ಲಿ, ಇನ್ನೊಂದು ಧಾರವಾಡದಲ್ಲಿ, ಎರಡರ ನಡುವೆ ಈಗ ಚಿಗರಿ ಬಸ್ಸು ಓಡ್ತದೆ. ಚೀಟಿ ಮಾತ್ರ ರೋಗಿಯ ಚೀಲದಲ್ಲೇ ಮಡಚಿಕೊಂಡು ಕೂತಿರ್ತದೆ, ಕೇಳಿದರೆ ತೆಗೆಯುತ್ತಾರೆ, ಕೇಳದಿದ್ದರೆ ಇಲ್ಲ.

2017ರಲ್ಲಿ ಎರಡು ಕಾಯಿದೆ ಒಟ್ಟಿಗೆ ಬಂದವು. ಮಾನಸಿಕ ಆರೋಗ್ಯ ಕಾಯಿದೆ, ಎಚ್‌ಐವಿ-ಏಡ್ಸ್ ಕಾಯಿದೆ. ಎರಡೂ ಜಾರಿಯಾದದ್ದು 2018ರಲ್ಲಿ. ಮನಸ್ಸಿನ ಕಾಯಿಲೆ ಇದ್ದವರೂ ವಿಷಯ ಅರ್ಥ ಮಾಡಿಕೊಂಡು ತಿಳಿಸಬಲ್ಲವರಾಗಿದ್ದರೆ ತಮ್ಮ ಚಿಕಿತ್ಸೆಯ ನಿರ್ಧಾರ ತಾವೇ ಮಾಡಬಹುದು ಅಂತ ಮೊದಲನೆಯದು ಹೇಳಿತು. ಸರಪಳಿ ಹಾಕೋದನ್ನು ನಿಷೇಧಿಸಿತು, 2001ರಲ್ಲಿ ಎರವಾಡಿಯ ಬೆಂಕಿಯಲ್ಲಿ ಸರಪಳಿ ಕಟ್ಟಿಸಿಕೊಂಡೇ ಸತ್ತವರನ್ನು ನೆನೆದರೆ ಇದು ತಡವಾಗಿ ಬಂದ ಮಾತು. ಒಪ್ಪಿಗೆ ಇಲ್ಲದೆ ರಕ್ತ ಪರೀಕ್ಷೆ ಮಾಡಬಾರದು, ಗುಟ್ಟು ಬಯಲು ಮಾಡಬಾರದು ಅಂತ ಎರಡನೆಯದು ಹೇಳಿತು. 1845ರಿಂದ ಲೆಕ್ಕ ಹಾಕಿದರೆ 172 ವರ್ಷ ಬೇಕಾಯಿತು ನೋಡಿ, ಗೋಡೆಯೊಳಗಿನವರಿಗೂ ಒಂದು ಮಾತಿದೆ ಅಂತ ಬರೆಯೋಕೆ.

ಅಕ್ಕ ಈಗ ತವರಿನಲ್ಲೇ ಇದ್ದಾಳೆ. ಎರಡು ಡಬ್ಬಿ, ಒಂದು ಬೆಳಗಿನದು ಒಂದು ರಾತ್ರಿಯದು. ವಯಸ್ಸಾದ ತಾಯಿ ಕ್ಯಾಲೆಂಡರಿನಲ್ಲಿ ಗೀಟು ಹಾಕ್ತಾಳೆ. ಮೊನ್ನೆ ಊರಿಗೆ ಹೋದಾಗ ಕಟ್ಟೆ ಮೇಲೆ ಶೇಂಗಾ ಬಿಡಿಸ್ತಾ ಕೂತಿದ್ದಳು, ನಾನೂ ಕೂತೆ. ಅದೂ ಇದೂ ಮಾತಾಡ್ತಾ ನಡುವೆ ಕೇಳಿದಳು: "ತಮ್ಮಾ, ಅವತ್ತ ಗುಡಿ ಮುಂದ ನಾಟಕಾ ಮಾಡಿದ್ರಲ್ಲಾ, ನನ್ನ ಎಬ್ಬಿಸಿ ಕಳಿಸಿದ್ರಲ್ಲಾ... ಅದರಾಗ ಏನ್ ಹೇಳಿದ್ರು?"

ನೆನಪಿದ್ದಷ್ಟು ಹೇಳಿದೆ. ಎಲ್ಲಾ ಕೇಳಿಸಿಕೊಂಡು, "ಇಷ್ಟ ಹೌದಲ್ಲೋ, ಇದ್ರಾಗ ತಿಳೀಲಾರದ್ದು ಏನೈತಿ?" ಅಂದಳು. ಮತ್ತೆ ಶೇಂಗಾ ಬಿಡಿಸತೊಡಗಿದಳು.

ಈ ಬರಹ ಓದುವವರ ಮನೆಯಲ್ಲೋ ಬಳಗದಲ್ಲೋ ಇಂಥವರು ಇದ್ದೇ ಇರ್ತಾರೆ, ಅವರಿಗಾಗಿ ಎರಡು ನಂಬರು ಕೊಡ್ತೀನಿ. ಎಚ್‌ಐವಿ ಬಗ್ಗೆ ಕೇಳಲು ನ್ಯಾಕೋದ 1097. ಮನಸ್ಸಿನ ಕಾಯಿಲೆಗೆ 2022ರಲ್ಲಿ ಶುರುವಾದ ಟೆಲಿ ಮಾನಸ್, 14416. ಎರಡೂ ಪುಕ್ಕಟೆ, ಕನ್ನಡದಲ್ಲೂ ಮಾತಾಡ್ತಾರೆ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಗುಳಿಗೆ ಡಬ್ಬಿಗೆ ಅಂಟಿಸಿಡಿ.